ಇಸವಾಣದ ಮೇಲಿನ ಹಿಮನದಿ

ಕರಗುವ ಹಿಮನದಿಗಳ ಫೋಟೋ ತೆಗೆದು ಲೋಕದ ನಶ್ವರತೆಯನ್ನು ಸಾರುವ ಒಬ್ಬ ಛಾಯಾಗ್ರಾಹಕನ ಬಗ್ಗೆ ಪೇಪರಿನಲ್ಲಿ ಓದಿದೆ. ಇದೇನು ಮಹಾ! ನನ್ನಲ್ಲೂ ಮೊಬೈಲ್ ಇದೆ, ನಿವೃತ್ತನಾದ್ದರಿಂದ ಸಮಯವೂ ಇದೆ. ನಮ್ಮೂರು ಬೆಳಂಬಾರದಲ್ಲಿ ಹಿಮನದಿ ಇಲ್ಲ ಎಂಬುದೊಂದೇ ತಾಂತ್ರಿಕ ತೊಡಕು.

ಆ ತೊಡಕನ್ನು ಹೆಂಡತಿ ಸುಮಿತ್ರಾ ತನಗರಿವಿಲ್ಲದೆಯೇ ನಿವಾರಿಸಿದ್ದಳು. ಮಗಳ ಮದುವೆಯಾದ ಮೇಲೆ ಮೊದಲ ಸಲ ಹಣಕೋಣದ ಬೀಗರು ಅಂದು ಸಂಜೆ ಊಟಕ್ಕೆ ಬರುವವರಿದ್ದರು. ಬೀಗರಿಗೆ ಇಸವಾಣ ಮೀನೆಂದರೆ ಪ್ರಾಣ. ನಮ್ಮ ಫ್ರಿಜ್ ಮುಷ್ಕರ ಹೂಡಿದ್ದರಿಂದ, ಬೆಳಿಗ್ಗೆ ಅವಳು ಕಾರವಾರದಿಂದ ತರಿಸಿದ ಭರ್ಜರಿ ಇಸವಾಣ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಗಡ್ಡೆಯಡಿ ಮಲಗಿತ್ತು.

"ನಾ ಅಂಕೋಲಾ ಪೇಟಿಗೆ ಹೋಗ್ ಬರ್ತೆ. ಪೆಟ್ಗಿ ಮುಚ್ಚಳ ತೆಗೂಕಾಗ, ಹಾಂ!" ಎಂದು ಎಚ್ಚರಿಸಿ ಅವಳು ಹೊರಟಳು.

ಹತ್ತೇ ನಿಮಿಷ ಎಂದುಕೊಂಡು ಪೆಟ್ಟಿಗೆಯನ್ನು ಅಂಗಳಕ್ಕೊಯ್ದು ಗಡ್ಡೆಯನ್ನು ಹೊರತೆಗೆದೆ. ಅದರ ಹಿಂದೆ ನನ್ನ ಬಿಳಿ ಪಂಚೆ ಕಟ್ಟಿ ಹಿಮಾಲಯ ನಿರ್ಮಿಸಿದೆ. ಹೊಟ್ಟೆಯ ಮೇಲೆ ಮಲಗಿ ಫೋಟೋ ತೆಗೆದದ್ದೇ ತೆಗೆದದ್ದು! ಶಿಖರ ಗುಡ್ಡವಾಯಿತು, ಗುಡ್ಡ ದಿಬ್ಬವಾಯಿತು. ಧ್ರುವಕರಡಿಯ ಪಾತ್ರದಲ್ಲಿ ಒಂದು ಬೆಕ್ಕು ಬಂದು ದಿಬ್ಬವನ್ನು ನೆಕ್ಕಿತು.

ನೆರೆಮನೆಯ ನಾಗಪ್ಪ ಬೇಲಿಯಾಚೆಯಿಂದ ಇಣುಕಿದ. "ಯಂತಾ ಆಯ್ತೋ ಮಾರಾಯಾ? ಬಿದ್ಯಾ?"

"ಕಾಲದ ಗತಿ ಸೆರೆ ಹಿಡೀತಿದ್ದೆ."

ಅವನು ಮೂಗರಳಿಸಿದ. "ನಿನ್ ಕಾಲ ಮೀನ್ ವಾಸ್ನೆ ಹೊಡಿತದಲ್ಲೋ!"

ಇಸವಾಣ! ನನ್ನ ಹತ್ತು ನಿಮಿಷಕ್ಕೆ ಮೂರು ತಾಸು ಹಿಡಿದಿತ್ತು. ಮುಚ್ಚಳವಿಲ್ಲದ ಪೆಟ್ಟಿಗೆ ಅಷ್ಟೂ ಹೊತ್ತು ಉರಿಬಿಸಿಲಲ್ಲೇ ಇತ್ತು. ಓಡಿ ಹೋಗಿ ಬಗ್ಗಿ ನೋಡಿದೆ. ನೋಡುವ ಅಗತ್ಯವೇ ಇರಲಿಲ್ಲ, ಮೂಗೇ ಸಾಕಾಗಿತ್ತು.

ಅಷ್ಟರಲ್ಲಿ ಸುಮಿತ್ರಾ ಗೇಟು ತೆರೆದಳು. ತೆರೆದ ಪೆಟ್ಟಿಗೆ, ಕಟ್ಟಿದ ಪಂಚೆ, ನನ್ನ ಕೈಯಲ್ಲಿನ ಮೊಬೈಲ್ ಎಲ್ಲವೂ ಅವಳ ಕಣ್ಣಿಗೆ ಬಿದ್ದವು. "ಮೊದಲ್ನೇ ಸಲ ಬರೂ ಬೀಗ್ರಿಗೆ ಎಂತಾ ಬಡಸೂದು? ನಿಮ್ ಫೋಟೋನಾ?" ಅವಳ ಕಣ್ಣಲ್ಲಿ ನೀರು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಸ್ಕೂಟರ್ ಹತ್ತಿ ಪೇಟೆಗೆ ಓಡಿದೆ. ಮೀನು ಮಾರುವವರು ಬುಟ್ಟಿ ತೊಳೆದು ಮನೆಗೆ ಹೋಗಿಯಾಗಿತ್ತು. ಬದನೆಕಾಯಿ ಹಿಡಿದು ಬಂದೆ.

ಸಂಜೆ ಬೀಗರ ಬಾಳೆಲೆಯ ಮೇಲೆ ಬದನೆ ಪಲ್ಯ, ಬೇಳೆ ಸಾರು. ಅವರ ಕಣ್ಣು ಮಾತ್ರ ಪದೇ ಪದೇ ಅಡುಗೆಮನೆಯ ಬಾಗಿಲಿನತ್ತ! ಅವರ ಗಮನ ಬೇರೆಡೆ ಸೆಳೆಯಲು ಮೊಬೈಲ್ ಮುಂದಿಟ್ಟೆ.

"ಅಬಾ, ಏನ್ ಚೆಂದ ಐತ್ರಿ ಬರ್ಫ! ಕಾಶ್ಮೀರಕ್ಕೆ ಯಾವಾಗ ಹೋಗಿದ್ರಿ?"

ನಾನು ಉತ್ತರಿಸುವ ಮೊದಲೇ ಸುಮಿತ್ರಾ ಸಾರು ಬಡಿಸುತ್ತ ಹೇಳಿದಳು: "ಕಾಶ್ಮೀರ ಅಲ್ಲ. ನಿಮ್ಗೆ ತಂದ ಇಸವಾಣದ ಮೇಲಿದ್ದ ಐಸು."

ಬೀಗರು ಫೋಟೋ ನೋಡಿದರು. ಬದನೆಕಾಯಿ ನೋಡಿದರು. ನನ್ನನ್ನು ನೋಡಿದರು. ನಶ್ವರತೆಯ ಬಗ್ಗೆ ಎರಡು ಮಾತು ಹೇಳೋಣವೆಂದು ನಾನು ಬಾಯಿ ತೆರೆದೆ.

ಅವರು ಉಪ್ಪಿನಕಾಯಿ ಕೇಳಿದರು.