ಕೂತವರನ್ನು ಮಡಚುವ ಸೀಟಿನ ವಿಷಯವಾಗಿ ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬರಿಗೆ

ರಾಯದುರ್ಗ, ಭಾನುವಾರ

ಬ್ರೇಕುಗಳ ಅಂತರಂಗ ಬಲ್ಲವರೂ, ಹಾರನ್ನಿನ ಒಂದೇ ಸದ್ದಿಗೆ ಗಾಡಿಯ ಜಾತಕ ಹೇಳುವವರೂ ಆದ ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮ ಬೀದಿಯ ಇಪ್ಪತ್ತೆರಡು ಹೊಲಿಗೆ ಮಷೀನುಗಳ ಪರವಾಗಿ ತಮಗೆ ಸಾಷ್ಟಾಂಗ ನಮಸ್ಕಾರಗಳು. ಇದು ಬರೀ ಬಾಯಿಮಾತಿನ ಸಾಷ್ಟಾಂಗವೆಂದು ತಾವು ತಿಳಿಯಬಾರದು. ಕಳೆದ ಸೋಮವಾರ ತಾವು ಓಡಾಟಕ್ಕೆ ಯೋಗ್ಯವಲ್ಲವೆಂದು ಬರೆದ ನಮ್ಮ ಸ್ಟೇಷನ್ ವ್ಯಾಗನ್ ಕಾರಿನ ಅಡಿಯಲ್ಲಿ, ಹಿತ್ತಲ ನೆಲಕ್ಕೆ ಮೈಚಾಚಿ ಮಲಗಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಮುಖ ಮಾತ್ರ ಮೇಲಕ್ಕಿದೆ, ಅದಕ್ಕೆ ಕ್ಷಮೆಯಿರಲಿ. ಕೆಳಕ್ಕೆ ಮಾಡಿದರೆ ಸೈಲೆನ್ಸರ್ ಕಾಣುವುದಿಲ್ಲ.

ಮೊದಲಿಗೆ ಅಭಿನಂದನೆ. ತಾವು ಕೊಟ್ಟ ತಪಾಸಣೆ ಕಾಗದದಲ್ಲಿ ತೆಲುಗಿನ ಎರಡು ಸಾಲುಗಳಿವೆ. ಕನ್ನಡದಲ್ಲಿ ಹೇಳುವುದಾದರೆ ಮೊದಲನೆಯದು, ‘ಮುಂದಿನ ಎಡ ಸೀಟು ಕೂತವರನ್ನು ಮಡಚುತ್ತದೆ.’ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ಅನುಭವವನ್ನು ಹಿಡಿದಿಟ್ಟವರು ತಮ್ಮ ಇಲಾಖೆಯಲ್ಲಿ ಇನ್ನೊಬ್ಬರಿರಲಾರರು. ಎರಡನೆಯ ಸಾಲು, ‘ಮಾಲಕಿಗೆ ವಯಸ್ಸಾಗಿದೆ, ಗಾಡಿ ನಡೆಸುವುದು ಅನುಮಾನ.’ ನನ್ನ ದೂರು ಇರುವುದು ಇದರ ಮೇಲೆ. ಆದರೆ ದೂರಿಗೆ ನೇರವಾಗಿ ಬಂದುಬಿಡುವುದು ಮರ್ಯಾದಸ್ಥರ ಲಕ್ಷಣವಲ್ಲವಾದ್ದರಿಂದ, ಕಾರಿನ ವಂಶಾವಳಿಯಿಂದ ಶುರು ಮಾಡಲು ಅಪ್ಪಣೆ ಬೇಡುತ್ತೇನೆ.

ಮಾಲಕಿ ಎಂದು ತಾವು ಬರೆದಿರುವುದು ನಮ್ಮ ಸೋದರತ್ತೆ ಪದ್ಮಾವತಮ್ಮನವರನ್ನು. ವಯಸ್ಸು ಐವತ್ತೇಳು, ಅದರಲ್ಲಿ ಮೂವತ್ತೆರಡು ವರ್ಷ ಜೀನ್ಸ್ ಪ್ಯಾಂಟು ಹೊಲಿದಿದ್ದಾರೆ. ನಮ್ಮ ಬೀದಿಯಲ್ಲಿ ಹೊಲಿದದ್ದೆಲ್ಲ ಬಳ್ಳಾರಿಯ ವಾಷಿಂಗ್ ಯೂನಿಟ್ಟಿಗೆ ಹೋಗಿ, ಬಣ್ಣ ಕಳೆದುಕೊಂಡು, ಅಲ್ಲಲ್ಲಿ ಹರಿಸಿಕೊಂಡು, ಆಮೇಲಷ್ಟೇ ಹೊಸ ಪ್ಯಾಂಟು ಎನಿಸಿಕೊಳ್ಳುತ್ತದೆ ಎಂಬುದು ತಮಗೆ ಗೊತ್ತಿರುವ ಸಂಗತಿ. ಆ ಗಂಟುಗಳನ್ನು ಬಸ್ಸಿನ ಮೇಲೆ ಹಾಕಿ ಕಳಿಸುವುದು ಅತ್ತೆಯ ಪಾಡು. ಹೋದ ವರ್ಷ ಡಿ. ಹಿರೇಹಾಳ್ ದಾಟಿದ ಮೇಲೆ ಯಾವುದೋ ತಿರುವಿನಲ್ಲಿ ನಲವತ್ತು ಪ್ಯಾಂಟಿನ ಗಂಟು ಜಾರಿ ಬಿತ್ತು. ಆ ಕಡೆ ಹೊಲಗಳಲ್ಲಿ ಇವತ್ತಿಗೂ ಬೆದರುಬೊಂಬೆಗಳು ಬಟನ್ ಇಲ್ಲದ ಜೀನ್ಸ್ ತೊಟ್ಟು, ಕಾಲೇಜು ಹುಡುಗರ ಹಾಗೆ ಸೊಂಟ ಓರೆ ಮಾಡಿಕೊಂಡು ನಿಂತಿವೆ. ಅವತ್ತು ಅತ್ತೆ ನನಗೆ ಹೇಳಿದರು: “ಸಾಯೀ, ಇನ್ಮ್ಯಾಲೆ ನನ್ನ ಗಂಟು ನಾನಽ ಒಯ್ತೀನಿ. ಬೆನ್ನು ಉದ್ದ ಇರೋದೊಂದು ಕಾರ್ ನೋಡಲೇ.”

ಬೆನ್ನು ಉದ್ದವಿದ್ದ ಕಾರು ಮಡಕಶಿರದ ಆಚೆ, ರೇಷ್ಮೆ ಬೆಳೆಯುವ ವೆಂಕಟಪ್ಪ ಎಂಬವರ ಕೊಟ್ಟಿಗೆಯಲ್ಲಿ ಸಿಕ್ಕಿತು. ಹಿಂದೊಮ್ಮೆ ಅದು ಗೂಡು ತುಂಬಿಕೊಂಡು ಹಿಂದೂಪುರದ ಮಾರುಕಟ್ಟೆಗೆ ಓಡಾಡಿದ್ದಂತೆ. ನಾವು ಹೋದಾಗ ಅದರೊಳಗೆ ಕೋಳಿ ಸಂಸಾರ ಹೂಡಿತ್ತು. ವೆಂಕಟಪ್ಪನವರ ಹೆಂಡತಿ ಓಬಳಮ್ಮ, “ತಗಂಡೋಗಪ್ಪ, ಬ್ಯಾಡ ಅಂದೋರ್ಯಾರು. ಆದ್ರೆ ಕಾವಿಗೆ ಕುಂತೈತೆ, ಮರಿ ಎದ್ದೇಳೋಗಂಟ ಗಾಡಿ ಮುಟ್ಟಂಗಿಲ್ಲ” ಎಂದರು. ಹಾಗಾಗಿ ನಮ್ಮ ವಾಹನದ ಹಸ್ತಾಂತರ ಮೂರು ವಾರ ತಡವಾಯಿತು. ಕಾಗದಪತ್ರ ವರ್ಗಾವಣೆಯಲ್ಲಿ ತಮ್ಮ ಕಚೇರಿ ತೆಗೆದುಕೊಂಡ ಐದು ತಿಂಗಳನ್ನು ಕೋಳಿಯ ಇಪ್ಪತ್ತೊಂದು ದಿನದ ಜೊತೆ ಹೋಲಿಸುವಷ್ಟು ಕೃತಘ್ನ ನಾನಲ್ಲ. ಕೋಳಿಗೆ ಮಧ್ಯಾಹ್ನದ ಊಟಕ್ಕೆ ಎದ್ದುಹೋಗುವ ಅನುಕೂಲ ಇರಲಿಲ್ಲ.

ಶೇಂಗಾ ಲಾರಿಯ ಮೇಲೆ ಕಾರು ನಮ್ಮ ಬೀದಿಗೆ ಬಂದಿಳಿದಾಗ, ಅದರ ಉದ್ದ ಬೆನ್ನು ನೋಡಿ ಹೆಣದ ಗಾಡಿಯೆಂದುಕೊಂಡ ಎದುರುಮನೆಯ ರಾಮಾಂಜಿನಮ್ಮ ಸೆರಗು ಬಾಯಿಗಿಟ್ಟುಕೊಂಡು, “ಅಯ್ಯ ಶಿವನೇ, ಯಾರ್ ಹೋದ್ರಪ್ಪಾ?” ಎಂದು ಓಡಿ ಬಂದರು. ಯಾರೂ ಹೋಗಿಲ್ಲ, ಇದು ನಮ್ಮ ಕಾರು ಎಂದು ತಿಳಿದ ಮೇಲೆ ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು. ನಮ್ಮಪ್ಪ ಬಾಲರಾಜು ಮಾತ್ರ ಅವತ್ತೇ ಕರಾರು ಹಾಕಿದರು: “ಒಂದ್ ವರ್ಷ ಕೊಡ್ತೀನಿ. ರೋಡಿಗೆ ಬಂದ್ರ ಬಂತು, ಇಲ್ಲಾಂದ್ರ ಗುಜರಿ ಪಾಪಣ್ಣ ಬಂದು ಕೊಯ್ಕೊಂಡು ಹೋಗ್ತಾನ.” ಹದಿನಾಲ್ಕು ತಿಂಗಳಾದವು. ಈ ಮಂಗಳವಾರಕ್ಕೆ ಪಾಪಣ್ಣನಿಗೆ ಬರಹೇಳಿದ್ದಾರೆ. ಆತ ಆಗಲೇ ಒಮ್ಮೆ ಬಂದು, ಬಾನೆಟ್ಟನ್ನು ಕಲ್ಲಂಗಡಿ ತಟ್ಟಿದ ಹಾಗೆ ತಟ್ಟಿ ಹೋಗಿದ್ದಾನೆ.

ಈ ಹದಿನಾಲ್ಕು ತಿಂಗಳಲ್ಲಿ ನಾನೂ ಮೆಕ್ಯಾನಿಕ್ ಚೌಡೇಶನೂ ಇಂಜಿನ್ ಇಳಿಸಿ ಏರಿಸಿದೆವು, ತುಕ್ಕು ಕೆರೆದೆವು, ನೆಲಕ್ಕೆ ಹೊಸ ತಗಡು ಬೆಸೆದೆವು. ಕೆರೆದಲ್ಲೆಲ್ಲ ರೇಷ್ಮೆಗೂಡಿನ ಎಳೆ ಬರುತ್ತಿತ್ತು. ಒಳಗಿನ ಅಲಂಕಾರ ಪೂರ್ತಿ ಅತ್ತೆಯದು. ಟೇಪು ಹಿಡಿದು ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, “ಇದಕ್ಕ ಸೊಂಟ ಎಲ್ಲೈತೋ?” ಎಂದು ಕೇಳಿ, ಚೌಡೇಶ ತೋರಿಸಿದ ಜಾಗದಿಂದ ಅಳತೆ ಶುರು ಮಾಡಿದರು. ಸೀಟು, ಬಾಗಿಲು, ಒಳಛಾವಣಿ ಎಲ್ಲಕ್ಕೂ ಗಟ್ಟಿ ನೀಲಿ ಜೀನ್ಸ್ ಬಟ್ಟೆ, ಕಿತ್ತಳೆ ದಾರ, ಜೋಡಿ ಹೊಲಿಗೆ, ಹನ್ನೊಂದು ಜೇಬು. ಸೋಮವಾರ ತಾವು ಕಾಗದ ಕೇಳಿದಾಗ ಅತ್ತೆ ಕಾರಿನ ಮೈಯೆಲ್ಲ ತಡವಿದ್ದು ಅದಕ್ಕಾಗಿಯೇ. ಹತ್ತನೆಯ ಜೇಬಿನಲ್ಲಿ ಸಿಕ್ಕಿತು. ಅಷ್ಟು ಹೊತ್ತು ಮೀಸೆ ತೀಡುತ್ತಾ ನಿಂತ ತಮ್ಮ ತಾಳ್ಮೆಯನ್ನು ನಮ್ಮ ಬೀದಿ ಮರೆಯುವುದಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ನಮ್ಮಲ್ಲಿ ಹೊಲಿಗೆ ಮುಗಿದ ಯಾವುದೇ ವಸ್ತು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಅದನ್ನು ಗಂಟಿಗೆ ಸೇರಿಸಿಬಿಡುತ್ತದೆ. ಹಾಗೆ ಸೀಟಿನ ಕವರುಗಳು ಅರವತ್ತು ಪ್ಯಾಂಟಿನ ಜೊತೆ ಬಳ್ಳಾರಿಗೆ ಹೋದವು. ಗಂಟು ಕಟ್ಟಿದವನು ನಾನು. ಆ ಗಂಟಿನ ಚೀಟಿಯಲ್ಲಿ ‘ಜಾಸ್ತಿ ಫೇಡ್, ಮೊಣಕಾಲು ಡ್ಯಾಮೇಜ್’ ಎಂದಿತ್ತು. ಆ ಯೂನಿಟ್ಟಿನವರು ಚೀಟಿಯಲ್ಲಿ ಬರೆದದ್ದನ್ನು ಪ್ರಾಮಾಣಿಕವಾಗಿ ಮಾಡುವವರು. ಸೀಟಿಗೆ ಮೊಣಕಾಲು ಎಲ್ಲಿರುತ್ತದೆಂದು ಹೇಗೆ ಪತ್ತೆ ಹಚ್ಚಿದರೋ, ಹರಿದು ಕಳಿಸಿದ್ದರು. ಹರಿದದ್ದು ಹೋಗಲಿ, ಕವರುಗಳು ಕುಗ್ಗಿದ್ದವು. ಪ್ಯಾಂಟಾದರೆ ಒಗೆದ ಮೇಲೆ ಕುಗ್ಗುತ್ತದೆಂದು ಅಳತೆಗಿಂತ ಹೆಚ್ಚು ಬಿಟ್ಟೇ ಕತ್ತರಿಸುತ್ತಾರೆ; ಸೀಟು ಒಗೆಯುವ ವಸ್ತುವಲ್ಲವೆಂದು ಅತ್ತೆ ಬಿಟ್ಟಿರಲಿಲ್ಲ. ತಪಾಸಣೆಗೆ ಒಂದು ದಿನ ಉಳಿದಿತ್ತು, ಬಟ್ಟೆ ಉಳಿದಿರಲಿಲ್ಲ. ನಾಲ್ಕು ಜನ ಹಿಡಿದು ಎಳೆದು, ಹೋದ ವರ್ಷದ ಪ್ಯಾಂಟನ್ನು ಈ ವರ್ಷದ ಹೊಟ್ಟೆಗೆ ಏರಿಸಿದ ಹಾಗೆ, ಹೇಗೋ ಏರಿಸಿದೆವು.

ಮುಂದಿನದನ್ನು ತಾವೇ ಬಲ್ಲಿರಿ. ಬ್ರೇಕು ಸರಿ ಎಂದಿರಿ, ದೀಪ ಸರಿ, ಹಾರನ್ ಸರಿ, ಚಾಸಿ ನಂಬರ್ ಸರಿ. “ನಡೀರಮ್ಮ, ಒಂದ್ ರೌಂಡ್ ಹಾಕಿಸ್ರಿ ನೋಡಾಣ” ಎಂದು ಅತ್ತೆಯ ಪಕ್ಕದಲ್ಲಿ ಕೂತು, ಬೆನ್ನಿಗೆ ಆರಾಮವಾಗಲೆಂದು ಸೀಟಿನ ಲಿವರ್ ಎಳೆದಿರಿ. ಕೊಂಡಿ ಬಿಟ್ಟುಕೊಂಡಿತು. ಅಲ್ಲಿಯವರೆಗೆ ಉಸಿರು ಬಿಗಿಹಿಡಿದಿದ್ದ ಕವರು ಸೀಟಿನ ಬೆನ್ನನ್ನು ಮುಂದಕ್ಕೆ ಸೆಳೆದುಕೊಂಡಿತು, ನಡುವೆ ತಾವಿದ್ದಿರಿ. ಕಾಣುತ್ತಿದ್ದದ್ದು ತಮ್ಮ ಟೋಪಿ ಮತ್ತು ಎರಡು ಬೂಟುಗಳು. ಅಂಥ ಹೊತ್ತಿನಲ್ಲೂ ಅತ್ತೆ ತಮಗೆ ಧೈರ್ಯ ಹೇಳಿದರು: “ಗಾಬ್ರಿ ಆಗಬ್ಯಾಡ್ರಿ ಸಾಹೇಬ್ರ, ಹೊಲಿಗಿ ಹರಿಯಂಗಿಲ್ಲ!”

ಅದುವರೆಗೆ ನಮ್ಮೊಂದಿಗೆ ಚೆಂದದ ಕನ್ನಡವಾಡುತ್ತಿದ್ದ ತಾವು, “ಬಯಟಿಕಿ ತೀಯಂಡಮ್ಮಾ!” ಎಂದು, ಹೊರಗೆ ತೆಗೆಯಿರೆಂದು, ತೆಲುಗಿನಲ್ಲಿ ಕೂಗಿದಿರಿ. ಚೌಡೇಶ ಬ್ಲೇಡು ತೆಗೆದ. ಅತ್ತೆ ಅವನ ಕೈ ಹಿಡಿದು, “ಬ್ಲೇಡ್ ಹಾಕಿದ್ಯೋ, ನಿನ್ನ ಕೈ ಮುರಿತೀನಿ. ಕೂಲಾಗಿ ಒಂದೊಂದಽ ಹೊಲಿಗಿ ಬಿಚ್ಚಾಣ ತಡಿ” ಎಂದರು. ಅಷ್ಟು ಸಮಯ ತಮಗಿಲ್ಲವೆಂದು ಟೋಪಿಯ ಚಲನೆಯಿಂದ ತಿಳಿದು, ಸೀಟಿನ ನಾಲ್ಕು ಬೋಲ್ಟ್ ಬಿಚ್ಚಿ, ಸೀಟಿನ ಸಮೇತ ತಮ್ಮನ್ನು ಎತ್ತಿಕೊಂಡು ಬೇವಿನ ಮರದ ನೆರಳಿಗೆ ತಂದಿಟ್ಟೆವು. ಇಲಾಖೆಯ ಅಧಿಕಾರಿಯೊಬ್ಬರನ್ನು ಸಾರ್ವಜನಿಕರು ಹೀಗೆ ಹೆಗಲ ಮೇಲೆ ಹೊತ್ತ ಉದಾಹರಣೆ ಈಚೆಗೆ ನಾನಂತೂ ಕಂಡಿಲ್ಲ.

ಇಲ್ಲಿಗೆ ನನ್ನ ದೂರು ಬಂತು, ಮಾನ್ಯರೇ. ಆ ರೌಂಡ್ ನಡೆಯಲೇ ಇಲ್ಲ. ಕಾರು ಒಂದು ಗೇಣೂ ಕದಲಲಿಲ್ಲ. ಅತ್ತೆಯ ಕೈಯಲ್ಲೇ ಲೈಸೆನ್ಸ್ ಇತ್ತು, ತಾವು ತೆಗೆದು ನೋಡಲಿಲ್ಲ. ಹಾಗಿದ್ದೂ ಗಾಡಿ ನಡೆಸುವುದು ಅನುಮಾನವೆಂದು ಬರೆದಿರಿ. ಮಡಚಿಕೊಂಡ ಸ್ಥಿತಿಯಲ್ಲಿ ಒಬ್ಬ ಹೆಂಗಸಿನ ವಯಸ್ಸು, ಕಣ್ಣು, ಕೈ, ಕಾಲುಗಳನ್ನೆಲ್ಲ ಪರೀಕ್ಷಿಸಿದ ತಮ್ಮ ವಿದ್ಯೆಯನ್ನು ಕಿರಿಯ ಅಧಿಕಾರಿಗಳಿಗೂ ಕಲಿಸಬೇಕು. ಅದಕ್ಕಾಗಿ ಹಾಗೆಯೇ ಮಡಚುವ ಕವರೊಂದನ್ನು ಹೊಲಿದು ತರಬೇತಿ ಕೇಂದ್ರಕ್ಕೆ ದಾನ ಕೊಡಲು ಸಿದ್ಧ. ಕೆರೆಯಂಗಳದಲ್ಲಿ ಮೂರು ತಿಂಗಳು ಚೌಡೇಶನ ಬೈಗುಳ ತಿಂದು ಸ್ಟೇರಿಂಗ್ ಕಲಿತವರು ನಮ್ಮತ್ತೆ. ನಿಜ ಹೇಳಬೇಕೆಂದರೆ ಬೈದದ್ದು ಅವರು, ತಿಂದದ್ದು ಚೌಡೇಶ.

ಮನೆಗೆ ಬಂದು ಅತ್ತೆ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ಹೇಳಿದ್ದು ಇಷ್ಟು: “ಸೀಟಿಂದು ನಮ್ಮ ತಪ್ಪಽ. ಅದನ್ನ ನಾ ಬಿಚ್ಚತೀನಿ. ಎರಡನೇ ಸಾಲು ಅವ್ರಽ ಬಿಚ್ಚಬೇಕು.”

ತಾನು ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚುವುದು ಅತ್ತೆಗೆ ಎಷ್ಟು ಕಷ್ಟವೆಂದು ನಮ್ಮ ಬೀದಿಗೆ ಗೊತ್ತು. ಯಾರಾದರೂ ತಪ್ಪು ತೋರಿಸಿದರೆ ಹೊಸ ಪ್ಯಾಂಟು ಹೊಲಿದು ಕೊಟ್ಟಾರು, ಹಳೆಯದಕ್ಕೆ ಕೈ ಹಾಕುವವರಲ್ಲ. ಅಂಥವರು ಮೂರು ದಿನ ನೆಲದ ಮೇಲೆ ಕೂತು ಒಂದೊಂದೇ ದಾರ ಕಿತ್ತು, ಪ್ರತಿ ಅಂಚಿಗೂ ನಾಲ್ಕು ಬೆರಳ ಪಟ್ಟಿ ಕೊಟ್ಟು, ಕವರುಗಳನ್ನು ಸಡಿಲ ಮಾಡಿದ್ದಾರೆ. ಪಟ್ಟಿಯ ಬಟ್ಟೆ ಹಳೆಯದಕ್ಕೆ ಹೊಂದಿಲ್ಲ. ಕೊಂಡಿಯನ್ನು ಚೌಡೇಶ ಬದಲಿಸಿದ್ದಾನೆ. ಆ ಸೀಟಿನಲ್ಲಿ ಮೂರು ದಿನದಿಂದ ನನ್ನನ್ನು ಕೂರಿಸಿ ಎಬ್ಬಿಸಿ ನೋಡಲಾಗಿದೆ. ನಾನು ಇನ್ನೂ ಚಪ್ಪಟೆಯಾಗಿಲ್ಲ.

ಆದ್ದರಿಂದ ನಾಳೆ ಸೋಮವಾರ ಹತ್ತು ಗಂಟೆಯ ಎರಡನೇ ತಪಾಸಣೆಗೆ ಮುನ್ನ ಕೆಲವು ವಿನಂತಿಗಳು. ತಾವು ಅದೇ ಸೀಟಿನಲ್ಲಿ, ಅದೇ ಭಂಗಿಯಲ್ಲಿ, ಸಾಧ್ಯವಾದರೆ ಅದೇ ಭಾರದಲ್ಲಿ ಕೂರಬೇಕು. ಅದಕ್ಕಾಗಿ ಬೆಳಗ್ಗೆ ಇಡ್ಲಿಯ ಸಂಖ್ಯೆ ಬದಲಿಸಬಾರದು. ಇನ್ನು ಮುಂದೆ ಸೀಟಿನ ಕವರು ಹೊಲಿಯುವವರಿಗೆ ಲೆಕ್ಕ ತಪ್ಪದ ಹಾಗೆ, ರಾಜ್ಯದ ಎಲ್ಲ ಬ್ರೇಕ್ ಇನ್‌ಸ್ಪೆಕ್ಟರುಗಳ ಸೊಂಟದ ಅಳತೆಯನ್ನು ಇಲಾಖೆ ಗೆಜೆಟ್ಟಿನಲ್ಲಿ ಪ್ರಕಟಿಸಬೇಕು. ಮತ್ತು ಪೂರ್ತಿ ರೌಂಡ್ ಮುಗಿಯುವವರೆಗೆ ತಾವು ಕಣ್ಣು ತೆರೆದಿರಬೇಕು. ಅತ್ತೆ ಗೇರ್ ಬದಲಿಸುವಾಗ ಬಾಯಲ್ಲಿ ದಾರ ಕಡಿಯುವ ಹಾಗೆ ಹಲ್ಲು ಕಚ್ಚುತ್ತಾರೆ. ಅದು ಕೋಪವಲ್ಲ, ಅಭ್ಯಾಸ.

ಆಮೇಲೂ ಅನುಮಾನವೆನಿಸಿದರೆ ಮನಸಾರೆ ಬರೆಯಿರಿ. ಕಣ್ಣಾರೆ ಕಂಡು ಬರೆದದ್ದನ್ನು ಒಪ್ಪಿಕೊಂಡು, ಮಂಗಳವಾರ ಪಾಪಣ್ಣನ ಅಂಗಳಕ್ಕೆ ಕಾರನ್ನು ತಾನೇ ನಡೆಸಿಕೊಂಡು ಹೋಗಿ ಬಿಟ್ಟು ಬರುವುದಾಗಿ ಅತ್ತೆ ಹೇಳಿದ್ದಾರೆ. ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ, ಕಾರಿನ ಕಡೆಯೂ ನೋಡಲಿಲ್ಲ.

ಬೆನ್ನಿನ ನೋವು ಈಗ ಹೇಗಿದೆ ಎಂದು ಇಡೀ ಬೀದಿ ಕೇಳುತ್ತಿದೆ.

ಗ್ರೀಸ್ ಮೆತ್ತಿದ ಕೈಯಿಂದ, ಆದರೆ ಶುದ್ಧ ಮನಸ್ಸಿನಿಂದ,
ತಮ್ಮ ವಿಶ್ವಾಸಿ,
ಸಾಯಿಕುಮಾರ್

ಮರೆತ ಮಾತು (ಸೋಮವಾರ ಮಧ್ಯಾಹ್ನ): ಪತ್ರವನ್ನು ತಮ್ಮ ಕೈಗಿಡುವ ಮೊದಲೇ ಎಲ್ಲ ಮುಗಿದುಹೋಯಿತು. ತಾವು ಕೂತಿರಿ, ಸೀಟು ಸೀಟಿನಂತೆಯೇ ಇತ್ತು. ಅತ್ತೆ ಎಂಟಿನಾಕಾರ ಹೊಡೆದು, ರಿವರ್ಸ್ ತೆಗೆದು, ತಮ್ಮ ಜೀಪಿಗೂ ಕಾಂಪೌಂಡಿಗೂ ನಡುವೆ ಒಂದು ಕತ್ತರಿ ತೂರುವಷ್ಟು ಜಾಗ ಬಿಟ್ಟು ನಿಲ್ಲಿಸಿದರು. ತಾವು ಪೆನ್ನು ತೆಗೆದು, ಎರಡನೇ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದಿರಿ. ಗೆರೆ ಸ್ವಲ್ಪ ವಕ್ರವಾಗಿದೆ. ಮೊದಲ ಸಲ ಹೊಲಿಗೆ ಬಿಚ್ಚುವವರಿಗೆಲ್ಲ ಹಾಗೆಯೇ ಆಗುತ್ತದೆ, ರೂಢಿಯಾದರೆ ನೇರ ಬರುತ್ತದೆ. ಅತ್ತೆ ಅಲ್ಲಿಂದ ನೇರ ಮನೆಗೆ ಬಂದು, ಗಂಟುಗಳನ್ನು ಹಿಂದೆ ತುಂಬಿ, ಮಿಕ್ಕದ್ದನ್ನು ತಾವು ಕೂತಿದ್ದ ಸೀಟಿಗೇರಿಸಿ, ಬಳ್ಳಾರಿಗೆ ಹೊರಟೇಬಿಟ್ಟರು. ನಾನು ಬಾಗಿಲು ಹಿಡಿದು ನಿಂತರೆ, “ಜಾಗ ಎಲ್ಲೈತಲೇ, ಬಸ್ಸಿಗೆ ಬಾ” ಎಂದರು. ಹಾಗಾಗಿ ಈ ಸಾಲುಗಳನ್ನು ಬಸ್ಸಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಮನ್ನಿಸಬೇಕು. ತಮ್ಮ ಸೀಟಿನ ಮೇಲೆ ಈಗ ಅರವತ್ತು ಪ್ಯಾಂಟುಗಳು ಕೂತು ಹೋಗುತ್ತಿವೆ. ಇದುವರೆಗೆ ಒಂದೂ ತಕರಾರು ಬರೆದಿಲ್ಲ.