ನೀಲಿ ದಾರದ ಸೀಟು

ಆ ದಿನದ ಗ್ರಹಚಾರಕ್ಕೆಲ್ಲ ಮೂಲ ಒಂದು ಹಳೇ ಪೇಪರು. ತೋಳಿನ ಅಳತೆಗೆ ಪೇಪರು ಕತ್ತರಿಸುತ್ತಿದ್ದ ಟೇಪಣ್ಣನ ಕತ್ತರಿ ಕಂಕುಳಿನ ತಿರುವಿನಲ್ಲಿ ಗಕ್ಕನೆ ನಿಂತಿತು. ಅಲ್ಲೊಂದು ಜಾಹೀರಾತು: ‘ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳು. ನಿಮ್ಮ ಜೇಬಿಗೆ ತಕ್ಕ ಬೆಲೆ.’ ಜೇಬು ಎಂದರೆ ಟೇಪಣ್ಣನಿಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಮೂವತ್ತು ವರ್ಷ ಊರವರಿಗೆಲ್ಲ ಜೇಬು ಹೊಲಿದುಕೊಟ್ಟಿದ್ದ. ತನ್ನದನ್ನು ಒಂದಿಷ್ಟು ತುಂಬಿಸಿಕೊಳ್ಳಲು ಅಷ್ಟೂ ವರ್ಷ ಹಿಡಿದಿತ್ತು.

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದರಿಂದ ಅವನು ಚಿಕ್ಕವರಿಗೆ ಟೇಪಣ್ಣ, ದೊಡ್ಡವರಿಗೆ ಬರೀ ಟೇಪು. ಸ್ನಾನಕ್ಕೆ ಹೋಗುವಾಗಲೂ ಅದು ಕೊರಳಲ್ಲೇ ಇರುತ್ತದೆಂದು ಹೆಂಡತಿಯ ದೂರು. ಅವಳು ಪಕ್ಕದ ಮಿಷನ್ ಮುಂದೆ ಕೂತು ಕಾಜಾ ಹಾಕುತ್ತಿದ್ದಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವಳನ್ನು ಹಾಗೆ ನೋಡುತ್ತ ನೋಡುತ್ತ ಟೇಪಣ್ಣನಿಗೆ ಮೂವತ್ತನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು.

ಆಗ ಅವನಿಗೆ ಇಪ್ಪತ್ತೆರಡು. ಅವಳ ಅಪ್ಪನ ಅಂಗಡಿಯಲ್ಲಿ ಕೆಲಸ. ಹಲ್ಲಿನ ಡಾಕ್ಟರೊಬ್ಬರು ತಮ್ಮ ಕೆಂಪು ಕಾರನ್ನು ಸೀಟು ಹೊಲಿಸಲು ತಂದು ನಿಲ್ಲಿಸಿದ್ದರು. ಎರಡೇ ಸೀಟಿನ ಕಾರು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಬೀದಿಯವರೆಲ್ಲ ಬಂದು ಮುಟ್ಟಿ ಮುಟ್ಟಿ ಹೋದರು. ಯಜಮಾನರು ಊಟಕ್ಕೆ ಹೋದಾಗ ಮಗಳು ಬಂದು ಎಡಗಡೆಯ ಸೀಟಿಗೆ ಕೈಹಚ್ಚಿದಳು. ಇನ್ನು ನಾಲ್ಕು ಬೆರಳು ಬಾಕಿ ಇರುವಾಗ ಕೆಂಪು ದಾರ ಮುಗಿಯಿತು. ಅಂಗಡಿಯಲ್ಲಿದ್ದದ್ದು ಸ್ಕೂಲಿನ ಲಂಗಕ್ಕೆ ತಂದಿದ್ದ ನೀಲಿ ದಾರ. ಅಡಿಗೆ ಬರುವ ಹೊಲಿಗೆ, ಯಾರು ನೋಡುತ್ತಾರೆ ಎಂದು ಅದರಲ್ಲೇ ಮುಗಿಸಿದರು. ನೋಡಿದವರು ಸಾಕ್ಷಾತ್ ಡಾಕ್ಟರೇ. ಬಾಯೊಳಗಿನ ಮೂಲೆ ಮೂಲೆ ನೋಡುವ ಕಣ್ಣು, ಬಿಟ್ಟೀತೇ? ಬೈಯಲಿಲ್ಲ, ಇಬ್ಬರನ್ನೂ ನೋಡಿ ನಕ್ಕರು. “ನಿಮ್ಮಿಬ್ಬರಿಗೂ ಈ ಕಾರಲ್ಲಿ ಒಂದೊಂದು ರೌಂಡ್ ಬಾಕಿ” ಎಂದು ಹೋದವರು ಮತ್ತೆ ಬರಲಿಲ್ಲ. ಅವತ್ತೇ ಟೇಪಣ್ಣ ಅವಳಿಗೆ, “ಒಂದಿನ ಇಂಥ ಕಾರಲ್ಲಿ ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓಡಿಸ್ತೀನಿ” ಎಂದಿದ್ದ. ಆ ಮಾತಿಗೇ ಅವಳು ಅವನನ್ನು ಒಪ್ಪಿದ್ದು. ಆ ಅಂಗಡಿ ಹೋಗಿ ಅಲ್ಲೀಗ ಔಷಧಿ ಅಂಗಡಿ ಬಂದಿದೆ. ಮಾತು ಮಾತ್ರ ಹಾಗೇ ಉಳಿದಿತ್ತು.

“ಲೈನಿಂಗ್ ಬಟ್ಟೆ ತರಕ್ಕೆ ಹೋಗ್ಬರ್ತೀನಿ ಕಣೇ” ಎಂದು ಟೇಪಣ್ಣ ಎದ್ದ.

“ತಿರುಗಿಸಿ ನೋಡಿ ತಗೊಳ್ಳಿ” ಎಂದಳು ಹೆಂಡತಿ, ಸೂಜಿಯಿಂದ ಕಣ್ಣೆತ್ತದೆ.

ಗುಟ್ಟಾಗಿ ಹೋಗಬೇಕೆಂದಿದ್ದ. ಆದರೆ ಪಕ್ಕದ ಮನೆಯ ಡ್ರೈವರ್ ಮಾವ ಅಂಗಡಿಯ ಸ್ಟೂಲಿನ ಮೇಲೆ ಕೂತು ಪೇಪರಿನ ಆ ಜಾಹೀರಾತನ್ನು ಆಗಲೇ ಓದಿ ಮುಗಿಸಿದ್ದರು. ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಚಕ್ರ ಇರುವ ಯಾವ ವಿಷಯವೂ ತಮ್ಮನ್ನು ಕೇಳದೆ ನಡೆಯಬಾರದೆಂಬುದು ಅವರ ನಂಬಿಕೆ. ಬೀದಿಯ ತುದಿಯಲ್ಲಿ ಭಾವಮೈದನೂ ಸೇರಿಕೊಂಡ. ಅವನ ಹತ್ತಿರ ಕಾರಿಲ್ಲ. ಮೊಬೈಲಿನಲ್ಲಿ ಕಾರಿನ ವಿಡಿಯೋ ನೋಡಿ ನೋಡಿ ಬಂದ ಪಾಂಡಿತ್ಯ ಮಾತ್ರ ಇತ್ತು.

ಹಳೇ ಕಾರು ಮಾರುವ ಯಾರ್ಡಿನಲ್ಲಿ ಮೊದಲು ಕಂಡದ್ದು ಹಳದಿ ಕಾರು. ಡ್ರೈವರ್ ಮಾವ ಪರೀಕ್ಷೆಗೆಂದು ಒಳಗೆ ಇಳಿದರು. ಇಳಿದದ್ದು ಸಲೀಸಾಯಿತು, ಹತ್ತುವುದು ಆಗಲಿಲ್ಲ. ಒಬ್ಬರು ಕೈ, ಇಬ್ಬರು ಕಾಲು ಹಿಡಿದು ಹೊರಗೆಳೆಯುವಷ್ಟರಲ್ಲಿ ಅಂಗಿಯ ಎರಡು ಗುಂಡಿ ಹಾರಿಹೋದವು.

“ಇದು ಕಾರೇನಯ್ಯಾ? ಬಾವಿ!” ಎಂದರು ಮಾವ, ಬೆನ್ನು ನೀವಿಕೊಳ್ಳುತ್ತ.

ಎರಡನೆಯದು ಕಪ್ಪು. “ಭಾವ, ಇದನ್ನೇ ತಗೊಳ್ಳಿ. ಕಣ್ಮುಚ್ಚಿ ಬಿಡೋದ್ರೊಳಗೆ ನೂರು ಸ್ಪೀಡು!” ಎಂದ ಭಾವಮೈದ. ಯಾರ್ಡಿನವ ಬೆಲೆ ಹೇಳಿದ ಮೇಲೆ ಟೇಪಣ್ಣ ಕಣ್ಣು ಮುಚ್ಚಿದ್ದು ನಿಜ, ತೆರೆಯಲು ಬಹಳ ಹೊತ್ತು ಹಿಡಿಯಿತು.

ಮೂರನೆಯದು ಮೂಲೆಯಲ್ಲಿ ಟಾರ್ಪಾಲಿನ ಕೆಳಗಿತ್ತು. ಟಾರ್ಪಾಲು ಸರಿಸಿದರೆ ಕೆಂಪು! ಎರಡೇ ಸೀಟು!

ಡ್ರೈವರ್ ಮಾವ ಒಂದು ಸುತ್ತು ಹಾಕಿ ಮುಖ ಸಿಂಡರಿಸಿದರು. “ಯಾಕೋ ಸರಿ ಕಾಣ್ತಿಲ್ಲ ಟೇಪು. ಮೂತಿ ಒಂದರದು, ಬಾಲ ಇನ್ನೊಂದರದು ಅನ್ನಿಸ್ತಿದೆ. ನಮ್ಮ ಮೆಕ್ಯಾನಿಕ್‌ನ ಕರೆಸ್ತೀನಿ, ತಾಳು.”

ಟೇಪಣ್ಣನಿಗೆ ಎಂಜಿನ್ನು ಗೊತ್ತಿಲ್ಲ, ಹೊಲಿಗೆ ಗೊತ್ತು. ಬಗ್ಗಿ ಎಡಗಡೆಯ ಸೀಟಿನ ಅಡಿಗೆ ಕೈ ಹಾಕಿದ. ಅಂಚನ್ನು ತಿರುಗಿಸಿ ನೋಡಿದ. ಕೆಂಪು ದಾರ, ಕೆಂಪು ದಾರ, ಕೊನೆಗೆ ನಾಲ್ಕು ಬೆರಳಿನಷ್ಟು ನೀಲಿ.

ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

“ಏನಾಯ್ತು ಭಾವ? ನೀರು ಬೇಕಾ?”

“ನೀರು ಬೇಡ. ಕಾರು ಬೇಕು” ಎಂದ ಟೇಪಣ್ಣ. ಒಂದು ಡಜನ್ ಗುಂಡಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ಮನುಷ್ಯ ಯಾರ್ಡಿನವ ಹೇಳಿದ ಬೆಲೆಗೆ ತುಟಿಪಿಟಿಕ್ಕೆನ್ನದೆ ಒಪ್ಪಿದ. ಮೆಕ್ಯಾನಿಕ್ಕೂ ಬೇಡ ಎಂದ. ಹೆಂಡತಿ ಅಂಗಡಿ ಮುಚ್ಚುವುದರೊಳಗೆ ಅದರ ಮುಂದೆ ಕಾರು ನಿಲ್ಲಿಸಬೇಕು, ಅಷ್ಟೇ ಅವನ ತಲೆಯಲ್ಲಿದ್ದದ್ದು. ಕೂಡಿಟ್ಟದ್ದೆಲ್ಲ ಅಲ್ಲಿಗೆ ಖಾಲಿ.

ಬ್ರೇಕಿನ ಮೇಲೆ ನಂಬಿಕೆ ಸಾಲದೆಂದು ಡ್ರೈವರ್ ಮಾವ ತಾವೇ ಸ್ಟೀರಿಂಗ್ ಹಿಡಿದರು. ಟೇಪಣ್ಣ ಅವರ ಪಕ್ಕದಲ್ಲಿ, ಭಾವಮೈದ ಸ್ಕೂಟರಿನಲ್ಲಿ ಹಿಂದೆ. ಮಾವ ಅಭ್ಯಾಸಬಲದಿಂದ ಪ್ರತಿ ಬಸ್ ಸ್ಟಾಪಿನಲ್ಲೂ ನಿಧಾನ ಮಾಡಿದರು. ಐದನೇ ಸ್ಟಾಪಿನಲ್ಲಿ ಕಾರು ತಾನೇ ನಿಂತಿತು. ಮೂಗಿನಿಂದ ಒಂದಿಷ್ಟು ಹೊಗೆ ಬಿಟ್ಟು ತಣ್ಣಗಾಯಿತು. ಅಲ್ಲಿಂದ ಅಂಗಡಿಯವರೆಗೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸೇರಿ ತಳ್ಳಿದರು. ಒಬ್ಬೊಬ್ಬರದು ಒಂದೊಂದು ಸಲಹೆ. ತಳ್ಳುವುದಕ್ಕಿಂತ ಸಲಹೆಯೇ ಜೋರಾಗಿತ್ತು.

ಹೆಂಡತಿ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಇದೇನ್ರೀ, ಲೈನಿಂಗ್ ಬಟ್ಟೇನಾ?”

“ಬೈಬೇಡ. ಮೊದಲು ಕೂತ್ಕೋ. ಸೀಟಿನ ಕೆಳಗೆ ಕೈ ಹಾಕು.”

ಅವಳು ಕೂತಳು, ಕೈ ಹಾಕಿದಳು, ಬಗ್ಗಿ ನೋಡಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಸುತ್ತ ಅಷ್ಟು ಜನ ಇದ್ದರೂ ಆ ಒಂದು ಗಳಿಗೆ ಅಲ್ಲಿ ಅವರಿಬ್ಬರೇ ಇದ್ದರು.

ಆ ಗಳಿಗೆ ಬಹಳ ಹೊತ್ತು ಉಳಿಯಲಿಲ್ಲ. ಕಾರು ಕೆಟ್ಟು ನಿಂತಾಗ ಮಾವ ಕರೆಸಿದ್ದ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದ, ಇಣುಕಿದ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

“ಅಣ್ಣಾ, ಇದು ಯಾರೋ ಸಂಸಾರಸ್ಥರ ಕಾರು. ಹಿಂದಿನ ಅರ್ಧ ಕುಯ್ದು, ಚಾವಣಿ ಕಿತ್ತು, ಕೆಂಪು ಬಳಿದಿದ್ದಾರೆ. ಸ್ಪೋರ್ಟ್ಸ್ ಕಾರಿಂದು ಅಂತ ಇದರಲ್ಲಿ ಇರೋದು ಸೀಟು ಮಾತ್ರ.”

“ಹಲ್ಲಿನ ಡಾಕ್ಟ್ರ ಕಾರಿನ ಸೀಟು!” ಎಂದ ಟೇಪಣ್ಣ.

ಮೆಕ್ಯಾನಿಕ್‌ನ ನಗು ನಿಂತಿತು. “ನಿಮಗೆ ಹೆಂಗೆ ಗೊತ್ತು? ಆ ಕಾರು ನನ್ನ ಗ್ಯಾರೇಜಿಂದಲೇ ಗುಜರಿಗೆ ಹೋಗಿದ್ದು. ಸೀಟು ಮಾತ್ರ ಡಾಕ್ಟ್ರು ಬಿಚ್ಚಿಸಿಟ್ರು. ಇದನ್ನ ಹೊಲಿದೋರು ಸಿಕ್ಕಿದ್ರೆ ಸುಮ್ನೆ ಕೊಟ್ಬಿಡು, ಅವರಿಗೆ ಒಂದೊಂದು ರೌಂಡ್ ಬಾಕಿ ಇದೆ ಅಂದಿದ್ರು. ಅವರು ಹೇಳಿದ ಜಾಗಕ್ಕೆ ಹೋದ್ರೆ ಔಷಧಿ ಅಂಗಡಿ ಇತ್ತು. ಹತ್ತು ವರ್ಷ ಅಟ್ಟದ ಮೇಲಿಟ್ಟು ಕಾದೆ. ಹೋದ ತಿಂಗಳು ಜಾಗ ಸಾಲ್ದೆ ಯಾರ್ಡಿನೋನಿಗೆ ಪುಕ್ಕಟೆ ಕೊಟ್ಟೆ. ಪುಣ್ಯಾತ್ಮ, ಆ ಸೀಟಿನ ಸುತ್ತ ಒಂದು ಕಾರು ಕಟ್ಟಿದ್ದಾನೆ ನೋಡಿ!”

ಟೇಪಣ್ಣ ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪುಕ್ಕಟೆ ಮನೆಗೆ ಬರಬೇಕಿದ್ದದ್ದನ್ನು ಮೂವತ್ತು ವರ್ಷದ ಗಂಟು ಸುರಿದು ತಂದಿದ್ದ.

ಭಾವಮೈದ ಯಾರ್ಡಿಗೆ ಫೋನ್ ಮಾಡಿ ಕೂಗಾಡಿದ. ಆಮೇಲೆ ಫೋನಿನ ಮೇಲೆ ಕೈ ಮುಚ್ಚಿ ಹೇಳಿದ: “ಭಾವ, ಅರ್ಧ ದುಡ್ಡು ವಾಪಸ್ ಕೊಡ್ತಾನಂತೆ. ಆದ್ರೆ ಸೀಟು ಸಮೇತ ಕೊಡ್ಬೇಕಂತೆ. ಸೀಟಿಲ್ದಿದ್ರೆ ತಗಡಿನ ರೇಟು.”

ಟೇಪಣ್ಣ ತಲೆ ತಗ್ಗಿಸಿ, “ಆಗ್ಲಿ, ಕೊಟ್ಬಿಡು” ಎಂದ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಅವಳು ಮಾತ್ರ ಮೆಕ್ಯಾನಿಕ್ ಕಡೆ ತಿರುಗಿದಳು. ಹಳೇ ಬಟ್ಟೆ ಹರಿದು ಒರೆಸುಬಟ್ಟೆ ಮಾಡಿ, ಅದು ಹರಿದರೆ ದೀಪದ ಬತ್ತಿ ಮಾಡುವ ಹೆಂಗಸು ಅವಳು. “ಸ್ಪ್ಯಾನರ್ ಇದೆಯೇನಪ್ಪಾ? ಸೀಟು ಬಿಚ್ಚು. ಉಳಿದದ್ದು ತಗಡಿಗೆ ಹೋಗ್ಲಿ.”

ಸಂಜೆಗೆ ಕಾರಿದ್ದ ಜಾಗದಲ್ಲಿ ಎಣ್ಣೆಯ ಕಲೆ ಉಳಿಯಿತು. ಅಂಗಡಿಯ ಜಗಲಿಯ ಮೇಲೆ ಎರಡು ಸೀಟು ಅಕ್ಕಪಕ್ಕ, ಬೀದಿಗೆ ಮುಖ ಮಾಡಿ ಕೂತವು. ಹೆಂಡತಿ ಎಡಗಡೆಯದರಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. “ಬನ್ರೀ, ಮೂವತ್ತನಾಲ್ಕು ವರ್ಷ ಕಾದಿದ್ದೀನಿ. ಹೊರಡೋಣ.”

ಟೇಪಣ್ಣ ಒಳಗೆ ಹೋಗಿ ಮುಖ ತೊಳೆದು, ತಲೆ ಬಾಚಿ, ಒಗೆದ ಅಂಗಿ ತೊಟ್ಟು, ಹುಟ್ಟಿದಂದಿನಿಂದ ಮೊದಲ ಸಲವೆಂಬಂತೆ ಕೊರಳಿನ ಟೇಪು ತೆಗೆದಿಟ್ಟು ಹೊರಗೆ ಬಂದ.

ಬಲಗಡೆಯ ಸೀಟಿನಲ್ಲಿ ಡ್ರೈವರ್ ಮಾವ ಕೂತಿದ್ದರು.

“ನಲವತ್ತು ವರ್ಷದ ಅಭ್ಯಾಸ ಕಣಯ್ಯಾ ಟೇಪು. ಈ ಕಡೆ ಸೀಟು ಖಾಲಿ ಕಂಡ್ರೆ ಕಾಲು ತಾನಾಗೇ ಬಂದ್ಬಿಡುತ್ತೆ” ಎಂದರು. ಏಳಲು ಎರಡು ಸಲ ನೋಡಿದರು. ಬೆಳಿಗ್ಗೆ ಹಳದಿ ಕಾರಿನಲ್ಲಿ ಹಿಡಿದ ಬೆನ್ನು ಬಿಡಲಿಲ್ಲ. “ಏಳಕ್ಕಾಗ್ತಿಲ್ಲ. ಇರ್ಲಿ, ಸೀಟು ಮಾತ್ರ ಫಸ್ಟ್ ಕ್ಲಾಸ್ ಹೊಲಿದಿದ್ದೀಯ.”

ಟೇಪಣ್ಣ ಹೆಂಡತಿಯ ಕಡೆ ನೋಡಿದ. ಅವಳು ನಗು ತಡೆಯಲಾರದೆ ಒಂದಿಷ್ಟು ಪಕ್ಕಕ್ಕೆ ಸರಿದು ಜಾಗ ಮಾಡಲು ನೋಡಿದಳು. ಆಗಲಿಲ್ಲ. ಒಬ್ಬರಿಗೆಂದೇ ಅಳತೆ ಹಿಡಿದು ಹೊಲಿದ ಸೀಟು; ಅಳತೆ ತೆಗೆದವನು ಅವನೇ.

ಅವನು ಒಳಗಿಂದ ಡ್ರೈವರ್ ಮಾವನ ಹಳೇ ಸ್ಟೂಲು ತಂದು ಅವಳ ಪಕ್ಕದಲ್ಲಿ ಹಾಕಿಕೊಂಡು ಕೂತ.

“ಎಲ್ರೂ ಹತ್ತಿದ್ರಾ?” ಎಂದರು ಮಾವ, ಬೀದಿ ನೋಡುತ್ತ.

“ಹತ್ತಿದ್ದೀವಿ ಮಾವ” ಎಂದಳು ಹೆಂಡತಿ, “ಒಬ್ರು ಮಾತ್ರ ಫುಟ್‌ಬೋರ್ಡ್ ಮೇಲಿದ್ದಾರೆ.”