ಹಣ್ಣಾದ ಹುಳವೂ ಹಠದ ತಂಗಿಯೂ

ನಿಮ್ಮ ಒಡಹುಟ್ಟಿದವರು ಗೆದ್ದರೆ ನಿಮಗೆ ಖುಷಿಯಾಗುತ್ತದಾ, ಇಲ್ಲಾ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತದಾ? ಸುಳ್ಳು ಹೇಳಬೇಡಿ, ಈ ವಯಸ್ಸಿನಲ್ಲಿ ನನಗೆ ಮುಖ ನೋಡದೆಯೂ ಗೊತ್ತಾಗುತ್ತದೆ. ನನಗಂತೂ ಎರಡೂ ಆಗುತ್ತದೆ. ನಾನು ಏಳನೇ ಕ್ಲಾಸು ಪಾಸಾದೆನೆಂದು ತಂಗಿ ಸಾಕಮ್ಮಣ್ಣಿ ಹಠ ಹಿಡಿದು ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಅವಳು ಸೈಕಲ್ ಕಲಿತಳೆಂದು ನಾನು ಮಂಡಿ ತರಚಿಕೊಂಡು ಕಲಿತೆ. ನಾನು ಹರವೆಗೆ ಸೊಸೆಯಾಗಿ ಬಂದು ರೇಷ್ಮೆ ಹುಳ ಸಾಕಿದರೆ, ಅವಳು ಗುಂಡ್ಲುಪೇಟೆ ಹತ್ತಿರದ ತನ್ನೂರಿನಲ್ಲಿ ನಮ್ಮದಕ್ಕಿಂತ ದೊಡ್ಡ ಹುಳದ ಮನೆ ಕಟ್ಟಿಸಿದಳು. ಈಗ ಅವಳು ಫೋನಿನಲ್ಲಿ ಟೈಪು ಮಾಡುತ್ತಾಳೆ. ಇಗೋ, ನಾನೂ ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದೇನೆ.

ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ರೋಗ ತರುತ್ತಾರೆ, ಕಣ್ಣೂ ಹಾಕುತ್ತಾರೆ. ಒಡಹುಟ್ಟಿದವಳಾದರೂ ಅಷ್ಟೇ. ಹಾಗಾಗಿ ನಮ್ಮ ಗೂಢಚಾರಿಕೆಯೆಲ್ಲ ಫೋನಿನಲ್ಲೇ. ಈ ಸಲ ಇಬ್ಬರೂ ಒಂದೇ ದಿನ ಹುಳದ ಮರಿ ತಂದಿದ್ದೆವು. ನಮ್ಮವು ಹಣ್ಣಾಗಿ, ಮೈ ಹಳದಿಗೆ ತಿರುಗಿ, ಸೊಪ್ಪು ಬಿಟ್ಟು ತಲೆ ಎತ್ತಿದವು. ಆಗಲೇ ಗೂಡು ಕಟ್ಟಲು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಹತ್ತಿಸಬೇಕು. ತಡವಾದರೆ ನೂಲೆಲ್ಲ ಕಂಡಕಂಡಲ್ಲಿ ಸುರಿದು ಬೆಳೆಯೇ ಹಾಳು. ಆದರೆ ನಾನು ಆತುರಪಟ್ಟು ಮೊದಲೇ ಹತ್ತಿಸಿ ಗೂಡು ತೆಳ್ಳಗಾದರೆ ಅವಳು ನಗುತ್ತಾಳಲ್ಲ! 'ಹತ್ತಿಸಿದೆಯಾ?' ಎಂದು ಕುಟ್ಟಿದೆ. 'ನೀನು?' ಎಂದು ಬಂತು. 'ಮೊದಲು ನೀನು ಹೇಳು' ಎಂದು ಕುಟ್ಟುತ್ತಿದ್ದೆ, ಸೊಸೆ ಓಡಿ ಬಂದಳು.

"ಅತ್ಯವ್ವಾ, ಹುಳ ಗ್ವಾಡೆ ಹತ್ತಾವೆ! ನೀವು ಫೋನ್ ಕುಟ್ಕಂಡು ಕೂತಿದ್ದೀರಲ್ಲಾ!"

ಗಾಬರಿಯಾಗಿ ತಂಗಿಗೇ ಫೋನು ಮಾಡಿದೆ. "ಹತ್ತುಸ್ದ್ಯೇನಮ್ಮಿ?"

"ಇಲ್ಲ ಕಣಕ್ಕ, ನೀನು ಹತ್ತುಸ್ಲಿ ಅಂತ್ಲೇ ಕಾಯ್ಕಂಡು ಕೂತಿವ್ನಿ. ನಮ್ಮವು ತೊಲೆ ಮ್ಯಾಲವೆ!"

"ಅಯ್ಯೋ ನಿನ್ನ! ಫೋನ್ ಮಡಗು, ಓಗು!"

ಸೊಸೆಯೂ ನಾನೂ ಗೋಡೆಯಿಂದ ಹುಳ ಬಿಡಿಸಿ ಬಿಡಿಸಿ ಹತ್ತಿಸಿದೆವು. ಐದಾರು ದಿನ ಕಳೆದು ಗೂಡು ಬಿಡಿಸಿದೆವು. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ. ಟಕಟಕ ಎಂದಿತು. ಗಟ್ಟಿ ಗೂಡು! ಅಬ್ಬಾ, ಹೋದ ಜೀವ ಬಂತು.

ಚಾಮರಾಜನಗರದ ಗೂಡಿನ ಮಾರುಕಟ್ಟೆಯಲ್ಲಿ ತಂಗಿ ಸಿಕ್ಕಳು. ಅವಳ ಬೆಳೆಯೂ ಉಳಿದಿತ್ತು. ಕದ್ದು ಅವಳದೊಂದು ಗೂಡು ಹಿಸುಕಿ ನೋಡಿದೆ. ಅಷ್ಟರಲ್ಲಿ ಅವಳು ನನ್ನದನ್ನು ಹಿಸುಕುತ್ತಿದ್ದಳು.

"ಸಾಕು ಕಣಮ್ಮಿ, ಇನ್ಮ್ಯಾಲೆ ಒಬ್ಬರ್ನೊಬ್ರು ನೋಡ್ಕಂಡು ಮಾಡದ ಬುಟ್ಬುಡನ" ಎಂದೆ.

"ಆಗ್ಲಿ ಕಣಕ್ಕ" ಎಂದಳು. "ಮೊದ್ಲು ನೀನು ಬುಡು. ನಿನ್ನ ನೋಡ್ಕಂಡು ನಾನೂ ಬುಡ್ತೀನಿ."